ಸಪ್ಪೆ ಹವೆ, ದೂರದ ಸಿಗ್ನಲ್

ಮಳೆ ಜೋರಾದ್ರೆ ಡಿಶ್ ಟೀವಿ ಕೈಕೊಡತ್ತೆ, ಗೊತ್ತಿರೋದೇ. ಆದರೆ ಹವೆಯೇ ಸಿಗ್ನಲ್ಲನ್ನು ಹೊತ್ತೊಯ್ಯೋದೂ ಉಂಟು. ಹ್ಯಾಮ್‌ಗಳ 144 ಮೆಗಾಹರ್ಟ್ಸ್ ಸಾಮಾನ್ಯವಾಗಿ ದಿಗಂತ ದಾಟಿ ಹೆಚ್ಚು ದೂರ ಹೋಗಲ್ಲ. 1957ರ ಜುಲೈನಲ್ಲಿ ಕ್ಯಾಲಿಫೋರ್ನಿಯಾದ ಜಾನ್ ಚೇಂಬರ್ಸ್, ಹವಾಯಿಯ ರಾಲ್ಫ್ ಥಾಮಸ್ ಇದರಲ್ಲೇ ಸಂಪರ್ಕ ಸಾಧಿಸಿದರು. ನಡುವೆ ಸುಮಾರು 4,000 ಕಿ.ಮೀ. ಬರೀ ಸಮುದ್ರ! ಉಪಗ್ರಹದ ಮಾತೇ ಇಲ್ಲ. ಸ್ಪುಟ್ನಿಕ್ ಹಾರಿದ್ದೇ ಆ ಅಕ್ಟೋಬರ್‌ನಲ್ಲಿ.

ಬೇಸಿಗೆಯಲ್ಲಿ ಅಲ್ಲಿ ಅಧಿಕ ಒತ್ತಡದ ವಲಯ ಬೀಡುಬಿಡುತ್ತದೆ. ಮೇಲಿಂದ ಇಳಿಯುವ ಗಾಳಿ ಬಿಸಿಯಾಗಿ, ಒಣಗಿ, ಕಡಲಿನ ತಂಪು ಗಾಳಿಯ ಮೇಲೆ ಮುಚ್ಚಳದ ಹಾಗೆ ಕೂರುತ್ತದೆ. ಆ ಗಡಿಯಲ್ಲಿ ರೇಡಿಯೋ ಅಲೆ ಕೆಳಕ್ಕೆ ಬಾಗಿ, ಕೊಳವೆಯೊಳಗೆ ಹರಿದಂತೆ ಸಾಗುತ್ತದೆ. ಬಿರುಗಾಳಿ ಬೀಸಿದ್ರೆ ಪದರ ಕಲಸಿಹೋಗಿ ಆಟ ಖತಂ. ಹಾಗಾಗಿ ಹ್ಯಾಮ್‌ಗಳಿಗೆ ಸಪ್ಪೆ ಹವೆಯೇ ಹಬ್ಬ.

ಹಳೇ ಹವ್ಯಾಸದ ಕಥೆ ಅನ್ಕೋಬೇಡಿ. ಒಂದೇ ಫ್ರೀಕ್ವೆನ್ಸಿಯಲ್ಲಿ ಸರದಿ ಪ್ರಕಾರ ಕಳಿಸಿ, ಕೇಳುವ 4ಜಿ, 5ಜಿ ಜಾಲಗಳಿಗೂ ಇದು ತಲೆನೋವು. ನೂರಾರು ಕಿ.ಮೀ. ದೂರದ ಟವರ್ ಮಾತು ಇದೇ ಕೊಳವೆಯಲ್ಲಿ ತಡವಾಗಿ ಬಂದು, ನಿಮ್ಮ ಟವರ್ ನಿಮ್ಮ ಫೋನಿಗೆ ಕಿವಿಗೊಡುವ ಹೊತ್ತಿಗೇ ಅಡ್ಡ ಬೀಳುತ್ತದೆ. ಆಕಾಶ ತಿಳಿ, ಸಿಗ್ನಲ್ ಕಡ್ಡಿ ಪೂರ್ತಿ, ಆದ್ರೂ ಕಾಲ್ ಹೋಗ್ತಿರಲ್ಲ.