ಪಕ್ಕವಾದ್ಯಕ್ಕೆ ಅವಳನ್ನು ಕರೆಯುವವರು ಯಾರು?

ಕರ್ನಾಟಕ ಸಂಗೀತದಲ್ಲಿ ಹೆಣ್ಣು–ಗಂಡು ಭೇದ ಎಂದೋ ಮುಗಿದ ಕಥೆ ಎನ್ನುವವರು ವೇದಿಕೆಯ ನಡುವೆ ಕುಳಿತವರನ್ನು ನೋಡಿ ಹಾಗೆನ್ನುತ್ತಾರೆ. ಆ ಮಟ್ಟಿಗೆ ಅವರ ಮಾತಿನಲ್ಲಿ ಹುರುಳಿದೆ. ಮದ್ರಾಸಿನ ಮ್ಯೂಸಿಕ್ ಅಕಾಡೆಮಿ 1968ರಲ್ಲಿ ಎಂ.ಎಸ್. ಸುಬ್ಬುಲಕ್ಷ್ಮಿ ಅವರಿಗೆ ಸಂಗೀತ ಕಲಾನಿಧಿ ಗೌರವ ಕೊಡುವವರೆಗೆ ಆ ಪಟ್ಟಿಯಲ್ಲಿ ಮಹಿಳೆಯ ಹೆಸರೇ ಇರಲಿಲ್ಲ. ಇಂದು ಗಾಯಕಿಯೊಬ್ಬರಿಗೆ ಅದು ಸಂದರೆ ಯಾರೂ ಹುಬ್ಬೇರಿಸುವುದಿಲ್ಲ. ಪಿಟೀಲಿಗೂ ಬಾಗಿಲು ತೆರೆದಿದೆ, 2016ರಲ್ಲಿ ಎ. ಕನ್ಯಾಕುಮಾರಿ ಆ ಗೌರವ ಪಡೆದರು. ಆದರೆ ಮೃದಂಗ, ಘಟ, ಖಂಜಿರ, ಮೋರ್ಸಿಂಗ್ ಹಿಡಿದು ಕುಳಿತವರತ್ತ ಕಣ್ಣು ಹೊರಳಿಸಿದರೆ ಕಾಣುವವರು ಬಹುಪಾಲು ಗಂಡಸರೇ. ಲಯವಾದ್ಯಕ್ಕೆ ಸಂಗೀತ ಕಲಾನಿಧಿ 1966ರಲ್ಲೇ ಮೃದಂಗ ವಿದ್ವಾಂಸ ಪಾಲ್ಘಾಟ್ ಮಣಿ ಅಯ್ಯರ್ ಅವರ ಮೂಲಕ ಬಂತು. ಲಯವಾದ್ಯ ನುಡಿಸುವ ಮಹಿಳೆಗೆ ಈವರೆಗೆ ಬಂದಿಲ್ಲ. ಹೆಣ್ಣುಮಕ್ಕಳು ಕಲಿಯುತ್ತಿಲ್ಲ ಎಂಬುದು ಇದಕ್ಕೆ ಕಾರಣವಲ್ಲ. ಕಛೇರಿಗೆ ಪಕ್ಕವಾದ್ಯದವರನ್ನು ಗೊತ್ತುಮಾಡುವ ರೀತಿಯೇ ಕಾರಣ.

ಗಾಯಕಿಯನ್ನು ಕಛೇರಿ ಏರ್ಪಡಿಸುವ ಸಂಗೀತ ಸಭೆ ನೇರವಾಗಿ ಆಹ್ವಾನಿಸುತ್ತದೆ. ಮೃದಂಗದವಳಿಗೆ ಆಹ್ವಾನ ಬರಬೇಕಾದರೆ ಸಭೆಯ ಕಾರ್ಯದರ್ಶಿಗೆ ಅವಳ ಹೆಸರು ನೆನಪಾಗಬೇಕು, ಹಾಡುವವರು ಒಪ್ಪಬೇಕು. ಘಟದವಳಾದರೆ ಇವರೆಲ್ಲರ ಜೊತೆಗೆ ಮೃದಂಗದ ವಿದ್ವಾಂಸರ ಸಮ್ಮತಿಯೂ ಬೇಕು. ಇವರಲ್ಲಿ ಯಾರೊಬ್ಬರು ‘ಬೇಡ’ ಎಂದರೂ ಹೆಸರು ಬಿದ್ದುಹೋಗುತ್ತದೆ. ಎಲ್ಲವೂ ಬಾಯಿಮಾತಿನಲ್ಲೇ ನಡೆಯುವುದರಿಂದ ಯಾರೂ ಯಾರಿಗೂ ಕಾರಣ ಹೇಳಬೇಕಿಲ್ಲ, ಬಿಟ್ಟದ್ದಕ್ಕೆ ದಾಖಲೆಯೂ ಉಳಿಯುವುದಿಲ್ಲ. ಬೆಂಗಳೂರಿನಲ್ಲಿ ನೆಲೆಸಿರುವ ಘಟ ವಿದುಷಿ ಸುಕನ್ಯಾ ರಾಮಗೋಪಾಲ್, ತಮ್ಮ ಜೊತೆ ವೇದಿಕೆ ಹಂಚಿಕೊಳ್ಳಲು ಮೃದಂಗ ವಿದ್ವಾಂಸರು ನಿರಾಕರಿಸಿದ್ದನ್ನು ಬಹಿರಂಗವಾಗಿಯೇ ಹೇಳಿದ್ದಾರೆ. ಘಟದ ಹೆಸರಾಂತ ವಿದ್ವಾಂಸ ವಿಕ್ಕು ವಿನಾಯಕರಾಮ್ ಅವರ ಶಿಷ್ಯೆ, ಸಂಗೀತ ನಾಟಕ ಅಕಾಡೆಮಿ ಪುರಸ್ಕೃತೆ ಆದವರಿಗೇ ಹೀಗಾದರೆ, ಇಪ್ಪತ್ತರ ಹರೆಯದಲ್ಲಿ ಮೊದಲ ಅವಕಾಶಗಳಿಗಾಗಿ ಕಾಯುವ ಹುಡುಗಿಯ ಪಾಡನ್ನು ಊಹಿಸಬಹುದು.

ಲಯವಾದ್ಯಕ್ಕೆ ಕೈಬಲ ಬೇಕು, ಹೆಣ್ಣುಮಕ್ಕಳಿಗೆ ಅದು ಕಷ್ಟ ಎಂಬ ವಾದ ಹಳೆಯದು. ಸುಕನ್ಯಾ ಘಟ ಕಲಿಯಲು ಬಯಸಿದಾಗ ಗುರುಗಳೇ ಮೊದಲು ಹಿಂಜರಿದಿದ್ದರು. ಕಲಿಸಿ ತೋರಿಸುತ್ತೇನೆಂದು ಮುಂದೆ ಬಂದವರು ವಿಕ್ಕು ಅವರ ತಂದೆ ಹರಿಹರ ಶರ್ಮಾ. ಮೃದಂಗದ ನಾದ ಬೆರಳಿನ ಹದದಿಂದ ಹುಟ್ಟುತ್ತದೆ, ಬಡಿತದಿಂದಲ್ಲ ಎಂಬುದನ್ನು ಪ್ರತಿ ಗುರುವೂ ಶಿಷ್ಯರಿಗೆ ಮೊದಲ ವರ್ಷವೇ ಹೇಳುತ್ತಾನೆ. ಮೃದಂಗ ವಿದುಷಿ ದಂಡಮೂಡಿ ಸುಮತಿ ರಾಮಮೋಹನ ರಾವ್ ಅವರಿಗೆ 2021ರಲ್ಲಿ ಪದ್ಮಶ್ರೀ ಸಂದ ಮೇಲೂ ಈ ವಾದ ಉಸಿರಾಡುತ್ತಿದೆ ಎಂದರೆ, ಅದು ಪುರಾವೆಯ ಮೇಲೆ ನಿಂತ ವಾದವಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಕಲೆಯಲ್ಲಿ ಮೀಸಲಾತಿ ಸಲ್ಲದು, ಚೆನ್ನಾಗಿ ನುಡಿಸಿದರೆ ಅವಕಾಶ ತಾನೇ ಬರುತ್ತದೆ ಎನ್ನುವುದು. ಇದನ್ನು ಪ್ರಾಮಾಣಿಕವಾಗಿ ಹೇಳುವವರು ಬಹಳ ಜನ. ಆದರೆ ಪಕ್ಕವಾದ್ಯದ ವಿದ್ಯೆ ಮನೆಯ ಸಾಧಕದಿಂದ ಪೂರ್ತಿಯಾಗುವಂಥದ್ದಲ್ಲ. ಪಾಠಾಂತರ, ಮೊಹರಾ, ಕೋರ್ವೆಗಳನ್ನು ಕೋಣೆಯಲ್ಲಿ ಕುಳಿತು ಕಲಿಯಬಹುದು. ನೆರವಲು ಬಿಸಿಯೇರುವಾಗ ಎಲ್ಲಿ ಕೈ ತಗ್ಗಿಸಬೇಕು, ವಿಳಂಬ ಕಾಲದ ಕೃತಿಯಲ್ಲಿ ಎಷ್ಟು ಮೌನ ಬಿಡಬೇಕು, ಕಲ್ಪನಾಸ್ವರದ ಲೆಕ್ಕಾಚಾರ ಯಾವ ಎಡುಪ್ಪಿಗೆ (ಸಾಹಿತ್ಯ ಎತ್ತಿಕೊಳ್ಳುವ ಜಾಗಕ್ಕೆ) ಬಂದು ಬೀಳುತ್ತದೆಂದು ಎರಡು ಆವರ್ತ ಮೊದಲೇ ಹೇಗೆ ಊಹಿಸಬೇಕು, ತನಿ ಆವರ್ತನಕ್ಕೆ ಹತ್ತು ನಿಮಿಷ ಎಂದುಕೊಂಡದ್ದು ನಾಲ್ಕಕ್ಕೆ ಇಳಿದರೆ ಏನನ್ನು ಬಿಡಬೇಕು ಎಂಬುದೆಲ್ಲ ಬೇರೆ ಬೇರೆ ಹಾಡುಗಾರರ ಪಕ್ಕದಲ್ಲಿ ಕುಳಿತು ಕುಳಿತೇ ಬರಬೇಕು. ಹುಡುಗನೊಬ್ಬ ಈ ಪಾಠವನ್ನು ಸಣ್ಣ ದೇವಸ್ಥಾನದ ಕಛೇರಿಗಳಲ್ಲಿ, ದೊಡ್ಡವರು ಕೊನೆ ಗಳಿಗೆಯಲ್ಲಿ ಕೈಕೊಟ್ಟ ಸಂಜೆಗಳಲ್ಲಿ ತಪ್ಪು ಮಾಡುತ್ತ ಕಲಿಯುತ್ತಾನೆ. ಅವನ ತಪ್ಪನ್ನು ಸಭಿಕರು ಎಳೆಯ ವಯಸ್ಸೆಂದು ಮನ್ನಿಸುತ್ತಾರೆ. ಹುಡುಗಿಗೆ ಆ ಸಂಜೆಗಳೇ ಸಿಗದೆ, ಹತ್ತು ವರ್ಷದ ಮೇಲೆ ‘ಅನುಭವ ಸಾಲದು’ ಎಂಬ ತೀರ್ಪು ಸಿಗುತ್ತದೆ. ಯೋಗ್ಯತೆ ಬೆಳೆಯುವ ಜಾಗವನ್ನು ತಡೆದು ಯೋಗ್ಯತೆಯ ಕೊರತೆಯನ್ನು ಎತ್ತಿ ತೋರಿಸುವುದು ನ್ಯಾಯವಲ್ಲ.

ಮಹಿಳೆಯರದ್ದೇ ತಂಡಗಳಿವೆಯಲ್ಲ ಎಂದೂ ಕೇಳುತ್ತಾರೆ. ಸುಕನ್ಯಾ ಅವರು 1990ರ ದಶಕದಲ್ಲಿ ಕಟ್ಟಿದ ‘ಸ್ತ್ರೀ ತಾಲ್ ತರಂಗ್’ ಒಂದು ದೊಡ್ಡ ಕೆಲಸ. ಲಯವಾದ್ಯದಲ್ಲಿ ಮಹಿಳೆಯರು ಏನು ಮಾಡಬಲ್ಲರೆಂದು ಅದು ಪ್ರಶ್ನೆಗೆ ಎಡೆಯಿಲ್ಲದಂತೆ ತೋರಿಸಿತು. ಇಂಥ ದಾರಿಗೆ ನಮ್ಮಲ್ಲಿ ಇತಿಹಾಸವೂ ಇದೆ. ತಿರುವಯ್ಯಾರಿನ ತ್ಯಾಗರಾಜ ಆರಾಧನೆಯಲ್ಲಿ ಹಾಡಲು ಮಹಿಳೆಯರಿಗೆ ಅವಕಾಶವಿಲ್ಲದಿದ್ದಾಗ, ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದ ಬೆಂಗಳೂರು ನಾಗರತ್ನಮ್ಮ 1927ರಲ್ಲಿ ಮಹಿಳೆಯರದ್ದೇ ಆರಾಧನೆ ಆರಂಭಿಸಿದರು. ಆದರೆ ಅವರು ಅಲ್ಲಿಗೇ ನಿಲ್ಲಲಿಲ್ಲ. 1940ರ ಹೊತ್ತಿಗೆ ಬೇರೆ ಬೇರೆ ಗುಂಪುಗಳು ಒಂದಾಗಿ, ಮಹಿಳೆಯರು ಮುಖ್ಯ ಆರಾಧನೆಯ ಭಾಗವಾದರು. ಇಂದಿನ ಆಯೋಜಕರಲ್ಲಿ ಹಲವರು ನಾಗರತ್ನಮ್ಮನ ಮೊದಲ ಹೆಜ್ಜೆಯನ್ನಷ್ಟೇ ಮೆಚ್ಚುತ್ತಾರೆ. ನವರಾತ್ರಿಗೆ, ಮಾರ್ಚ್ 8ಕ್ಕೆ ಮಹಿಳಾ ತಂಡವನ್ನು ಕರೆದು, ವರ್ಷದ ಉಳಿದ ಕಛೇರಿಗಳನ್ನು ಎಂದಿನಂತೆ ನಡೆಸುತ್ತಾರೆ.

ಯಾರ ಜೊತೆ ನುಡಿಸಬೇಕೆಂಬುದು ಕಲಾವಿದರ ಸ್ವಾತಂತ್ರ್ಯ ಎಂಬ ಮಾತನ್ನು ನಾನು ತಳ್ಳಿಹಾಕಲಾರೆ. ಇಬ್ಬರ ಮನೋಧರ್ಮ ಹೊಂದದಿದ್ದರೆ ಕಛೇರಿ ಕಳೆಗಟ್ಟುವುದಿಲ್ಲ. ಆದರೆ ಒಬ್ಬರ ನುಡಿಸಾಣಿಕೆ ಒಗ್ಗದು ಎನ್ನುವುದು ಬೇರೆ, ಹೆಂಗಸೆಂದು ಒಲ್ಲೆ ಎನ್ನುವುದು ಬೇರೆ. ಎರಡನೆಯದಕ್ಕೆ ಮನೋಧರ್ಮದ ಹೆಸರು ಹೊಂದದು. ಬಹುಕಾಲ ಮಹಿಳೆಯರ ಗಾಯನಕ್ಕೆ ನುಡಿಸದಿದ್ದ ಮಣಿ ಅಯ್ಯರ್ ಕೊನೆಗೆ ಡಿ.ಕೆ. ಪಟ್ಟಮ್ಮಾಳ್ ಅವರಿಗೆ ಪಕ್ಕವಾದ್ಯ ನುಡಿಸಿದರು. ಅದರಿಂದ ಅವರ ಲಯಕ್ಕೇನೂ ಊನ ಬರಲಿಲ್ಲ. ಇಂದು ಅಂಥ ತೀರ್ಮಾನ ದೊಡ್ಡ ಗಾಯಕಿಯರ ಕೈಯಲ್ಲೂ ಇದೆ. ತಮಗೆ ಬೇಕಾದ ಪಕ್ಕವಾದ್ಯದವರನ್ನು ಹೆಸರು ಹೇಳಿ ಕೇಳುವ ಸ್ಥಾನದಲ್ಲಿರುವವರು ಹುಡುಗಿಯರ ಹೆಸರನ್ನೂ ಹೇಳಬೇಕೆಂದು ಅಪೇಕ್ಷಿಸುವುದು ತಪ್ಪಲ್ಲ.

ಆದರೂ ಹೊಣೆಯನ್ನೆಲ್ಲ ಕಲಾವಿದರ ಔದಾರ್ಯಕ್ಕೆ ಬಿಡಲಾಗದು. ಕಲಾವಿದರ ಗುರುತು ತೀರ್ಪುಗಾರರಿಗೆ ಕಾಣದಂತೆ ಆಡಿಷನ್ ನಡೆಸುವ ಕ್ರಮವನ್ನು ಆಕಾಶವಾಣಿ 1950ರ ದಶಕದಲ್ಲೇ ತಂದಿತು. ಗಾಯನದಲ್ಲಿ ದನಿಯೇ ಗುರುತು ಬಿಟ್ಟುಕೊಡುತ್ತದೆ. ಮೃದಂಗದಲ್ಲಿ ಹಾಗಿಲ್ಲ, ಕೇಳುವವರಿಗೆ ಸಿಗುವುದು ನಾದವೊಂದೇ. ಹೊಸಬರನ್ನು ಆಯ್ಕೆ ಮಾಡುವ ಸಭೆಗಳು ಈ ಕ್ರಮವನ್ನು ಖರ್ಚಿಲ್ಲದೆ ಅನುಸರಿಸಬಹುದು. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಅನುದಾನ ಪಡೆಯುವ ಸಂಸ್ಥೆಗಳು ವರ್ಷದಲ್ಲಿ ಯಾವ ಕಛೇರಿಗೆ ಯಾರನ್ನು ಪಕ್ಕವಾದ್ಯಕ್ಕೆ ಕರೆದವು, ಎಷ್ಟು ಸಂಭಾವನೆ ಕೊಟ್ಟವು ಎಂಬ ಪಟ್ಟಿಯನ್ನು ಪ್ರಕಟಿಸಬೇಕೆಂಬ ಷರತ್ತು ಹಾಕಿದರೆ, ಬಾಯಿಮಾತಿನಲ್ಲಿ ಮುಚ್ಚಿಹೋಗುತ್ತಿದ್ದದ್ದು ಎಲ್ಲರ ಕಣ್ಣಿಗೆ ಬೀಳುತ್ತದೆ. ಇನ್ನು, ಘಟದವಳು ಹೆಣ್ಣೆಂಬ ಕಾರಣಕ್ಕೆ ಮೃದಂಗದವರು ಬರಲೊಲ್ಲೆ ಎಂದಾಗ, ಕಾರ್ಯದರ್ಶಿ ಘಟದವಳನ್ನು ಉಳಿಸಿಕೊಂಡು ಬೇರೆ ಮೃದಂಗದವರಿಗೆ ಫೋನ್ ಮಾಡಲಿ.