ಕಣ್ಣಿಗೆ ಕನ್ನಡ, ಕಿವಿಗೆ ಕಲಸುಮೇಲೋಗರ!

ಕನ್ನಡದ ಯುವಕರೇ, ಯುವತಿಯರೇ, ನೇರವಾಗಿ ಒಂದು ಪ್ರಶ್ನೆ. ನೀವು ಕಂಪ್ಯೂಟರಿನಲ್ಲಿ ಹೊಡೆದ ಕನ್ನಡ ನಿಜಕ್ಕೂ ಕನ್ನಡವೇ? ಕರಪತ್ರದಲ್ಲಿ, ಮನವಿಯಲ್ಲಿ, ಬ್ಯಾನರಿನಲ್ಲಿ ಅದು ಕನ್ನಡದಂತೆಯೇ ಕಾಣುತ್ತದೆ. ಅದೇ ಕಡತವನ್ನು ಕಣ್ಣು ಕಾಣದ ಕನ್ನಡಿಗನೊಬ್ಬನಿಗೆ ಕಳಿಸಿ ನೋಡಿ. ಬಣ್ಣ ಬಯಲಾಗುತ್ತದೆ!

ಕಣ್ಣು ಕಾಣದವರು ಕಂಪ್ಯೂಟರನ್ನು ಕಿವಿಯಿಂದ ಓದುತ್ತಾರೆ. ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಕ್ಕೆ ಸ್ಕ್ರೀನ್ ರೀಡರ್ ಎನ್ನುತ್ತಾರೆ. ಅಂಥದ್ದೊಂದು ಎನ್‌ವಿಡಿಎ. 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಅದನ್ನು ಶುರು ಮಾಡಿದ ಮೈಕೆಲ್ ಕರನ್ ಸ್ವತಃ ಅಂಧರು. ಅದಕ್ಕೆ ಒಂದು ಪೈಸೆಯನ್ನೂ ಕೊಡಬೇಕಾಗಿಲ್ಲ. ಜೊತೆಯಲ್ಲೇ ಬರುವ ಈಸ್ಪೀಕ್ ಧ್ವನಿಗೆ ಕನ್ನಡ ಓದಲು ಬರುತ್ತದೆ. ಯಂತ್ರದ ದನಿ ನಿಜ, ಆದರೆ ಓದುವುದು ಕನ್ನಡವನ್ನೇ.

ಯಂತ್ರ ಸಿದ್ಧವಿದೆ, ಓದುವವನೂ ಸಿದ್ಧವಿದ್ದಾನೆ. ಹಾಗಾದರೆ ಅಡ್ಡ ಬಂದವರು ಯಾರು? ನಾವೇ!

ಅಚ್ಚಿನ ಮನೆಯ ಗುಟ್ಟೊಂದನ್ನು ಹೇಳುತ್ತೇನೆ. ಹಳೆಯ ಆಸ್ಕಿ ಫಾಂಟುಗಳಲ್ಲಿ ಮೇಲೆ ಕನ್ನಡದ ರೂಪ, ಒಳಗೆ ಪರದೇಶಿ ಚಿಹ್ನೆ. ನುಡಿಯ ಹಳೆಯ ಫಾಂಟಿನಲ್ಲಿ ‘ಕ’ ಎಂದರೆ ಕಂಪ್ಯೂಟರಿನ ಲೆಕ್ಕಕ್ಕೆ ಇಂಗ್ಲಿಷಿನ ದೊಡ್ಡ ‘ಪಿ’, ಅದರ ಪಕ್ಕ ತಲೆಯ ಮೇಲೆ ಗೆರೆ ಹೊತ್ತ ‘ಎ’. ‘ನ’ ಎಂದರೆ ಬ್ರಿಟಿಷರ ಪೌಂಡ್ ಗುರುತು! ‘ಕನ್ನಡ’ ಎಂಬ ಪದದ ಹೊಟ್ಟೆಯೊಳಗೇ ಪೌಂಡ್ ಕುಳಿತಿದೆ. ನಮ್ಮ ಕಣ್ಣಿಗೆ ಅದು ಕಾಣುವುದಿಲ್ಲ. ಸ್ಕ್ರೀನ್ ರೀಡರ್ ಓದುವುದು ಒಳಗಿರುವುದನ್ನು. ಕೇಳುವವನ ಕಿವಿಗೆ ಬೀಳುವುದು ಬರೀ ಕಸ.

ಇದಕ್ಕೆ ಮದ್ದು ಯೂನಿಕೋಡ್. ಅದರಲ್ಲಿ ಕನ್ನಡದ ಅಕ್ಷರಗಳಿಗೆ 1991ರಿಂದಲೇ ಸ್ವಂತ ಸ್ಥಾನವಿದೆ. ನಮ್ಮ ರಾಜ್ಯ ಸರ್ಕಾರವೂ 2012ರಲ್ಲಿ ಯೂನಿಕೋಡನ್ನು ಒಪ್ಪಿಕೊಂಡಿತು. ಆದರೂ ಆಸ್ಕಿ ಕಡತಗಳು ಕೈಯಿಂದ ಕೈಗೆ ಓಡಾಡುತ್ತಲೇ ಇವೆ. ‘ಪೇಜ್‌ಮೇಕರಿಗೆ ಯೂನಿಕೋಡ್ ಬರುವುದಿಲ್ಲ’ ಎನ್ನುತ್ತಾರೆ ನನ್ನ ಕಸುಬಿನವರು. ಪೇಜ್‌ಮೇಕರ್ 2001ರಲ್ಲಿ ಬಂದ 7.0ಕ್ಕೇ ನಿಂತುಹೋಯಿತು, ಸ್ವಾಮಿ! ಇನ್‌ಡಿಸೈನ್ ಯೂನಿಕೋಡ್ ಕನ್ನಡವನ್ನು ಸರಿಯಾಗಿ ಜೋಡಿಸುತ್ತದೆ. ಹಳೆಯ ಕಡತಗಳನ್ನು ಬದಲಿಸುವ ಪರಿವರ್ತಕಗಳು ಬಿಟ್ಟಿಯಾಗಿ ಸಿಗುತ್ತವೆ. ಇನ್ನೇನು ನೆಪ?

ಇನ್ನು ಕೆಲವರು ಪತ್ರವನ್ನು ಸ್ಕ್ಯಾನ್ ಮಾಡಿ ಪಿಡಿಎಫ್ ಎಂದು ಕಳಿಸುತ್ತಾರೆ. ಅದು ಬರೀ ಚಿತ್ರ. ಅದರಲ್ಲಿ ಓದಲು ಅಕ್ಷರವೇ ಇಲ್ಲ.

ಯೂನಿಕೋಡ್ ಬಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ವರ್ಡ್‌ನಲ್ಲಿ ಶೀರ್ಷಿಕೆಯನ್ನು ದಪ್ಪ ಮಾಡಿ ಬಿಟ್ಟರೆ ಕಣ್ಣಿಗೆ ಮಾತ್ರ ಶೀರ್ಷಿಕೆ. ‘ಹೆಡಿಂಗ್’ ಸ್ಟೈಲ್ ಕೊಡಿ. ಆಗ ಎನ್‌ವಿಡಿಎ ಬಳಸುವವನು ಇನ್ಸರ್ಟ್ ಮತ್ತು ಸ್ಪೇಸ್ ಕೀ ಒಟ್ಟಿಗೆ ಒತ್ತಿ, ಬಳಿಕ ‘ಎಚ್’ ಒತ್ತುತ್ತಾ ಶೀರ್ಷಿಕೆಯಿಂದ ಶೀರ್ಷಿಕೆಗೆ ಹಾರಬಲ್ಲ. ಇಲ್ಲವಾದರೆ ನಲವತ್ತು ಪುಟವನ್ನೂ ಸಾಲು ಸಾಲಾಗಿ ಕೇಳುತ್ತಾ ಕೂರಬೇಕು. ಚಿತ್ರವಿದ್ದರೆ ಅದರಲ್ಲಿ ಏನಿದೆ ಎಂದು ಆಲ್ಟ್ ಟೆಕ್ಸ್ಟ್‌ನಲ್ಲಿ ಒಂದು ಸಾಲು ಬರೆಯಿರಿ. ಎಕ್ಸೆಲ್‌ನಲ್ಲಿ ಅಂದಕ್ಕೆಂದು ಮನೆಗಳನ್ನು ಒಂದಕ್ಕೊಂದು ಕೂಡಿಸಬೇಡಿ. ಯಾವ ಅಂಕಿ ಯಾವ ಕಾಲಮ್ಮಿನದು ಎಂದು ಕೇಳುವವನಿಗೆ ಗೊಂದಲವಾಗುತ್ತದೆ. ಕಳಿಸುವ ಮೊದಲು ವರ್ಡ್‌ನ ರಿವ್ಯೂ ಪಟ್ಟಿಯಲ್ಲಿರುವ ‘ಚೆಕ್ ಆಕ್ಸೆಸಿಬಿಲಿಟಿ’ ಒತ್ತಿ, ತಪ್ಪು ಎಲ್ಲಿದೆ ಎಂದು ಅದೇ ತೋರಿಸುತ್ತದೆ. ಬಿಟ್ಟಿಯಾಗಿ ಸಿಗುವ ಲಿಬ್ರೆಆಫೀಸ್‌ನಲ್ಲೂ ಇಂಥ ತಪಾಸಣೆ ಇದೆ.

ಇದು ದಾನಧರ್ಮದ ಮಾತಲ್ಲ, ಹಕ್ಕಿನ ಮಾತು. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲೇ ಬಂದಿದೆ. ಡಿಜಿಟಲ್ ಸೌಲಭ್ಯ ಎಲ್ಲರಿಗೂ ಎಟುಕಬೇಕಾದ್ದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ತೀರ್ಪು ಕೊಟ್ಟಿದೆ.

ಗೆಳೆಯರೇ, ನಿಜವಾದ ನೋವು ಎಲ್ಲಿದೆ ಗೊತ್ತೇ? ಇಂಗ್ಲಿಷಿನಲ್ಲಿ ಟೈಪು ಮಾಡಿದ ಕಡತ ಆ ಹುಡುಗನಿಗೆ ಸಲೀಸಾಗಿ ಓದಿ ಹೇಳುತ್ತದೆ. ಆಸ್ಕಿಯ ಕನ್ನಡ ಕಡತ ಗೊರಗೊರ ಎನ್ನುತ್ತದೆ. ಕೆಲಸದ ಪ್ರಕಟಣೆ ಓದಬೇಕಾದವನು ಏನು ಮಾಡಿಯಾನು? ‘ಇಂಗ್ಲಿಷಿನಲ್ಲೇ ಕಳಿಸಿ ಸಾರ್’ ಎನ್ನುತ್ತಾನೆ. ತಾಯ್ನುಡಿಯ ಮನೆಯಿಂದ ಅವನನ್ನು ಹೊರಗೆ ದಬ್ಬಿದವರು ಯಾರು? ಇದಕ್ಕೆ ದೆಹಲಿಯನ್ನು ಬೈಯಲಾಗದು, ಪಕ್ಕದ ರಾಜ್ಯವನ್ನೂ ಬೈಯಲಾಗದು.

ಆದ್ದರಿಂದ ಸರ್ಕಾರಿ ಕಚೇರಿಗೆ ಹೋದಾಗ ‘ಕನ್ನಡದಲ್ಲಿ ಕೊಡಿ’ ಎಂದಷ್ಟೇ ಕೇಳಿ ಬರಬೇಡಿ. ‘ಯೂನಿಕೋಡ್ ಕನ್ನಡದಲ್ಲಿ, ಓದಿಸಿದರೆ ಓದುವಂತೆ ಕೊಡಿ’ ಎಂದು ಪಟ್ಟು ಹಿಡಿಯಿರಿ. ಅಚ್ಚಿಗೆ ಕೊಡುವಾಗ ನಮ್ಮಂಥ ಮುದ್ರಕರನ್ನೂ ಹಾಗೆಯೇ ಕೇಳಿ, ಬಿಡಬೇಡಿ. ಅದಕ್ಕೂ ಮೊದಲು ನಿಮ್ಮ ಸಂಘದ ಮುಂದಿನ ಕರಪತ್ರವನ್ನು ಎನ್‌ವಿಡಿಎಗೆ ಕೊಟ್ಟು, ಕಣ್ಣು ಮುಚ್ಚಿ ಕೇಳಿ. ಕನ್ನಡ ಕೇಳಿಸಿದರೆ ಮಾತ್ರ ಹಂಚಿ!