ಫೀಸು ಪರೀಕ್ಷೆಗೆ, ಬೆಲ್ಟ್ ಕಲಿಕೆಗೆ

‘ಸಾರ್, ಪರೀಕ್ಷೆ ಫೀಸು ಕಟ್ಟಿದ್ದೆವು. ಆದರೂ ಮಗನಿಗೆ ಹಸಿರು ಬೆಲ್ಟ್ ಕೊಡದೆ, ಮೂರು ತಿಂಗಳು ಬಿಟ್ಟು ಬಾ ಅಂದುಬಿಟ್ಟರು. ಇದು ನ್ಯಾಯವೇ?’ ಟೇಕ್ವಾಂಡೊ ಕಲಿಯುವ ಹುಡುಗನೊಬ್ಬನ ತಂದೆ ಕೇಳಿದ ಪ್ರಶ್ನೆ ಇದು. ಮದ್ದೂರಿನಂಥ ಊರಿನಲ್ಲೂ ಈಗ ಬಿಳಿ ಸಮವಸ್ತ್ರ ತೊಟ್ಟ ಮಕ್ಕಳು ಸಂಜೆಯ ತರಗತಿಗೆ ಹೋಗುತ್ತಾರೆ. ಅವರ ಸೊಂಟದ ಪಟ್ಟಿಯ ಬಣ್ಣ ಯಾವ ಲೆಕ್ಕದಲ್ಲಿ ಬದಲಾಗುತ್ತದೆ ಎಂಬುದು ಮಾತ್ರ ಅನೇಕ ಪೋಷಕರಿಗೆ ಗೊತ್ತಿರುವುದಿಲ್ಲ. ಈ ವಾರ ಅದನ್ನೇ ನೋಡೋಣ.

ಟೇಕ್ವಾಂಡೊ ಕೊರಿಯಾದ ಕಲೆ. ‘ಟೇ’ ಎಂದರೆ ಕಾಲು, ‘ಕ್ವಾನ್’ ಎಂದರೆ ಮುಷ್ಟಿ, ‘ಡೊ’ ಎಂದರೆ ಮಾರ್ಗ. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಪ್ರದರ್ಶನ ಕ್ರೀಡೆಯಾಗಿದ್ದ ಇದು 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಪದಕದ ಕ್ರೀಡೆಯಾಯಿತು. ಬೆಲ್ಟ್ ಪದ್ಧತಿ ಮಾತ್ರ ಜಪಾನಿನ ಜುಡೊದಿಂದ ಬಂದದ್ದು. 1882ರಲ್ಲಿ ಜುಡೊ ಆರಂಭಿಸಿದ ಜಿಗೊರೊ ಕಾನೊ, ಶಿಕ್ಷಕರನ್ನು ತಯಾರುಮಾಡುವ ಕಾಲೇಜಿನ ಮುಖ್ಯಸ್ಥರಾಗಿದ್ದವರು. ಕಲಿಕೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಅಳೆಯಬೇಕೆಂಬುದು ಮೇಷ್ಟರ ಯೋಚನೆಯೇ ಅಲ್ಲವೇ?

ಸಾಮಾನ್ಯವಾಗಿ ಬಣ್ಣಗಳ ಕ್ರಮ ಬಿಳಿ, ಹಳದಿ, ಹಸಿರು, ನೀಲಿ, ಕೆಂಪು, ಕಪ್ಪು. ಬಿಳಿ ಎಂದರೆ ಏನೂ ಬರೆಯದ ಹಾಳೆ. ಹಳದಿ ಎಂದರೆ ಬೀಜ ಬೇರೂರುವ ಮಣ್ಣು, ಹಸಿರು ಎಂದರೆ ಮೊಳೆತ ಪೈರು, ನೀಲಿ ಎಂದರೆ ಅದು ಬೆಳೆಯಬೇಕಾದ ಆಕಾಶ. ಕೆಂಪು ಎಚ್ಚರಿಕೆ. ಕಪ್ಪು ಬಿಳಿಗೆ ಎದುರಾದ ಬಣ್ಣ, ಪಕ್ವತೆಯ ಗುರುತು. ಕಪ್ಪಿಗಿಂತ ಕೆಳಗಿನ ದರ್ಜೆಗೆ ‘ಗುಪ್’ ಎಂದು ಹೆಸರು. ಹತ್ತನೆಯ ಗುಪ್‌ನಿಂದ ಇಳಿಕೆಯ ಕ್ರಮದಲ್ಲಿ ಒಂದಕ್ಕೆ ಬರಬೇಕು. ಅನಂತರ ‘ಡಾನ್’ ಎಂಬ ದರ್ಜೆ ಒಂದರಿಂದ ಮೇಲೇರುತ್ತದೆ.

ಪರೀಕ್ಷೆಯ ದಿನ ಏನು ನಡೆಯುತ್ತದೆ? ಮೊದಲು ನಿಲುವು, ಒದೆತ, ತಡೆ ಮುಂತಾದ ಮೂಲಪಾಠಗಳು. ಆಮೇಲೆ ‘ಪೂಮ್ಸೆ’, ಅಂದರೆ ಕಾಲ್ಪನಿಕ ಎದುರಾಳಿಯೊಡನೆ ಗೊತ್ತಾದ ಕ್ರಮದಲ್ಲಿ ಹೋರಾಡುವ ಪಾಠ. ಬಣ್ಣದ ಬೆಲ್ಟುಗಳ ಮಟ್ಟದಲ್ಲಿ ‘ತೇಗುಕ್’ ಹೆಸರಿನ ಎಂಟು ಪೂಮ್ಸೆಗಳಿವೆ. ಮೊದಲನೆಯದರಲ್ಲೇ 18 ಚಲನೆಗಳು. ಮೇಲಿನ ದರ್ಜೆಗಳಲ್ಲಿ ರಕ್ಷಾಕವಚ ತೊಟ್ಟು ಜೊತೆಗಾರನೊಡನೆ ಸೆಣಸಾಟ, ಹಲಗೆ ಮುರಿಯುವುದು, ಕೆಲವು ಮೌಖಿಕ ಪ್ರಶ್ನೆಗಳು ಇರುತ್ತವೆ.

ಹಲಗೆ ಮುರಿದಾಗ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಇಲ್ಲಿ ಪವಾಡವೇನೂ ಇಲ್ಲ, ನೀವು ಓದುವ ಭೌತವಿಜ್ಞಾನವೇ ಇದೆ. ಚಲನಶಕ್ತಿ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಆದ್ದರಿಂದ ಕಾಲಿನ ವೇಗ ಎರಡರಷ್ಟಾದರೆ ಶಕ್ತಿ ನಾಲ್ಕರಷ್ಟಾಗುತ್ತದೆ. ಹೊಡೆತ ಬಿದ್ದಾಗ ಹಲಗೆ ಬಾಗಿ, ಅದರ ಮುಂಬದಿ ಸಂಕುಚಿಸುತ್ತದೆ, ಹಿಂಬದಿ ಹಿಗ್ಗುತ್ತದೆ. ಬಿರುಕು ಹಿಂಬದಿಯಲ್ಲಿ ಹುಟ್ಟಿ ಮರದ ನಾರಿನ ಗೆರೆಗುಂಟ ಸೀಳುತ್ತದೆ. ಸೌದೆ ಒಡೆದವರಿಗೆ ಇದು ಗೊತ್ತು. ಆದರೆ ಹಲಗೆ ಮುರಿಯದಿದ್ದರೆ? ನ್ಯೂಟನ್ನನ ಮೂರನೆಯ ನಿಯಮದಂತೆ ಪಾದದ ಮೇಲೂ ಅಷ್ಟೇ ಬಲ ಬೀಳುತ್ತದೆ. ಬೆಳೆಯುವ ಮಕ್ಕಳ ಎಲುಬಿನ ತುದಿಗಳಲ್ಲಿ ಮೃದ್ವಸ್ಥಿಯ ಪದರ ಇನ್ನೂ ಗಟ್ಟಿಯಾಗಿರುವುದಿಲ್ಲ. ಸಿದ್ಧವಾಗದ ಮಗುವನ್ನು ಮೇಲಿನ ಪರೀಕ್ಷೆಗೆ ನಿಲ್ಲಿಸಬಾರದು ಎನ್ನುವುದಕ್ಕೆ ಇದೊಂದು ಕಾರಣ.

ಇನ್ನು ಬೆಲ್ಟ್ ಕೊಡುವವರು ಯಾರು? ಬಣ್ಣದ ಬೆಲ್ಟಿನ ಪರೀಕ್ಷೆಯನ್ನು ತರಗತಿಯ ಶಿಕ್ಷಕರೋ ಅವರ ಸಂಸ್ಥೆಯ ಹಿರಿಯರೋ ನಡೆಸುತ್ತಾರೆ. ಎಸ್ಸೆಸ್ಸೆಲ್ಸಿಯಂತೆ ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ ಇಲ್ಲ. ಒಂದು ಕಡೆಯ ಹಸಿರು ಇನ್ನೊಂದು ಕಡೆಯ ಹಸಿರಿಗೆ ಸಮ ಎನ್ನಲಾಗದು. ಕಪ್ಪು ಬೆಲ್ಟಿನ ವಿಷಯ ಬೇರೆ. ಒಲಿಂಪಿಕ್ಸ್ ಪದ್ಧತಿಯ ಟೇಕ್ವಾಂಡೊದಲ್ಲಿ ಅದರ ಪ್ರಮಾಣಪತ್ರ ಸೋಲ್ ನಗರದ ಕುಕ್ಕಿವಾನ್ ಸಂಸ್ಥೆಯಿಂದ ಬರುತ್ತದೆ. 15 ವರ್ಷ ತುಂಬದವರಿಗೆ ‘ಡಾನ್’ ಬದಲು ‘ಪೂಮ್’ ದರ್ಜೆ. ಅವರ ಬೆಲ್ಟಿನಲ್ಲಿ ಕೆಂಪು, ಕಪ್ಪು ಎರಡೂ ಇರುತ್ತವೆ. ಮೊದಲ ಡಾನ್‌ನಿಂದ ಎರಡನೆಯದಕ್ಕೆ ಕನಿಷ್ಠ ಒಂದು ವರ್ಷ, ಎರಡರಿಂದ ಮೂರಕ್ಕೆ ಎರಡು ವರ್ಷ, ಮೂರರಿಂದ ನಾಲ್ಕಕ್ಕೆ ಮೂರು ವರ್ಷ ಕಾಯಬೇಕು. ಮೇಲೇರಿದಷ್ಟೂ ಕಾಯುವ ಕಾಲ ಹೆಚ್ಚು.

ಈಗ ಆ ತಂದೆಯ ಪ್ರಶ್ನೆಗೆ ಬರೋಣ. ಫೀಸು ಕಟ್ಟುವುದು ಪರೀಕ್ಷೆಗೆ, ಫಲಿತಾಂಶಕ್ಕಲ್ಲ. ಸಂಗೀತದ ಜೂನಿಯರ್ ಪರೀಕ್ಷೆಗೆ ಹಣ ಕಟ್ಟಿದ ಮಾತ್ರಕ್ಕೆ ಪಾಸು ಮಾಡಿ ಎಂದು ನಾವು ಕೇಳುತ್ತೇವೆಯೇ? ನಮ್ಮ ಕಡೆಯ ಗರಡಿಮನೆಗಳಲ್ಲಿ ಬೆಲ್ಟ್ ಇರಲಿಲ್ಲ. ಹುಡುಗ ಅಖಾಡಕ್ಕೆ ಇಳಿಯಲು ಸಿದ್ಧನೋ ಇಲ್ಲವೋ ಎನ್ನುವುದರಲ್ಲಿ ಉಸ್ತಾದರ ಮಾತೇ ಕೊನೆ. ಬಂದವರಿಗೆಲ್ಲ ಬೆಲ್ಟ್ ಕಟ್ಟಿ ಕಳಿಸುವ ಶಿಕ್ಷಕರಿಗಿಂತ, ‘ಇನ್ನೂ ಸ್ವಲ್ಪ ದಿನ ಕಲಿ’ ಎನ್ನುವ ಶಿಕ್ಷಕರು ನಿಮ್ಮ ಮಗುವಿಗೆ ಹೆಚ್ಚು ಹಿತವರು. ಬಣ್ಣ ಸುಳ್ಳು ಹೇಳಿದರೂ ಮಗು ಅದನ್ನು ನಂಬುತ್ತದೆ. ಆತ್ಮರಕ್ಷಣೆಗೆಂದು ಕಲಿಯಲು ಹೋದ ಹೆಣ್ಣುಮಗಳು ಬಾರದ ವಿದ್ಯೆಯನ್ನು ನಂಬಿ ಅಪಾಯಕ್ಕೆ ಎದುರು ನಿಂತರೆ ಅದರ ಬೆಲೆ ತೆರುವವಳು ಅವಳೇ.

ಹಾಗೆಂದು ಪೋಷಕರು ಏನೂ ಕೇಳಬಾರದೆಂದಲ್ಲ. ಪ್ರತಿ ದರ್ಜೆಗೂ ಬರೆದಿಟ್ಟ ಪಾಠಕ್ರಮ ಇದೆಯೇ? ಪರೀಕ್ಷೆ, ಬೆಲ್ಟ್, ಪ್ರಮಾಣಪತ್ರ ಎಲ್ಲ ಸೇರಿ ಖರ್ಚೆಷ್ಟು? ಪರೀಕ್ಷಕರು ಯಾರು, ಅವರ ಡಾನ್ ಎಷ್ಟು? ನಪಾಸಾದರೆ ಮತ್ತೆ ಪೂರ್ತಿ ಫೀಸು ಕಟ್ಟಬೇಕೇ? ಸೇರುವ ದಿನವೇ ಇವನ್ನು ಕೇಳಿ. ಒಳ್ಳೆಯ ಶಿಕ್ಷಕರು ಬೇಸರಿಸದೆ ಉತ್ತರಿಸುತ್ತಾರೆ. ಮಗು ಬೆಲ್ಟ್ ಇಲ್ಲದೆ ಮನೆಗೆ ಬಂದಾಗ, ‘ಯಾಕೆ ಕೊಡಲಿಲ್ಲ’ ಎಂದು ಗದರದೆ, ‘ಯಾವ ಪಾಠ ಉಳಿದಿದೆ, ತೋರಿಸು’ ಎನ್ನಿ.

ವಿದ್ಯಾರ್ಥಿಗಳೇ, ಮೂರು ತಿಂಗಳು ದೊಡ್ಡದಲ್ಲ. ತಪ್ಪಿದ ಒದೆತ ಯಾವುದೆಂದು ಕೇಳಿ ತಿಳಿದುಕೊಳ್ಳಿ. ದಿನಕ್ಕೆ ಹತ್ತು ನಿಮಿಷ ಅದೊಂದನ್ನೇ ಅಭ್ಯಾಸ ಮಾಡಿ. ಮುಂದಿನ ಪರೀಕ್ಷೆಯಲ್ಲಿ ಕಟ್ಟಿಕೊಳ್ಳುವ ಬೆಲ್ಟ್ ನಿಮ್ಮ ಸ್ವಂತದ್ದಾಗಿರುತ್ತದೆ.